ಮೈಕಣ್ಣನ ಗಂಟಲಿಗೆ ಕಳ್ಳಿ ಹಣ್ಣು

ಮೈಕಣ್ಣನಿಗೆ ಕೆಮ್ಮು ಹತ್ತಿದ್ದು ಊರಿಗೆಲ್ಲ ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಬೇರೆಯವರಿಗೆ ಕೆಮ್ಮು ಬಂದರೆ ಮೊದಲು ಹೆಂಡತಿಗೆ ತಿಳಿಯುತ್ತದೆ, ಆಮೇಲೆ ಪಕ್ಕದ ಮನೆಗೆ, ಹಾಗೇ ಸಾವಕಾಶವಾಗಿ ಬೀದಿಗೆ. ಮೈಕಣ್ಣನದು ಹಾಗಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹೇಳುವುದೇ ಅವನ ಉದ್ಯೋಗ. ಆವತ್ತು "ಪ್ರಯಾಣಿಕರ ಗಮನಕ್ಕೆ, ಹನ್ನೆರಡನೇ ನಂಬರಿನ ಬಸ್ಸು ಇನ್ನೇನು ಹೊರ..." ಎನ್ನುವಷ್ಟರಲ್ಲಿ ಗಂಟಲು ಕೆರೆಯಿತು. ಕಂಬ ಕಂಬಕ್ಕೂ ಕಟ್ಟಿದ್ದ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಕೆಮ್ಮಿದವು. ಬೆಂಚಿನ ಕೆಳಗೆ ಮಲಗಿದ್ದ ನಾಯಿಗಳು ಎದ್ದು ನಿಂತವು. ಹನ್ನೆರಡನೇ ನಂಬರಿನ ಡ್ರೈವರು ಟೈರು ಸಿಡಿಯಿತೆಂದು ಕೆಳಗಿಳಿದು ಸುತ್ತ ನೋಡಿದ.

ಮೈಕಣ್ಣ ಎಂಬುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಆ ಹೆಸರು ಸಂಬಳದ ಪಟ್ಟಿಯಲ್ಲಿ ಎಲ್ಲೋ ಇದೆ. ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ದನಿಯೆಂದರೆ ಅವನಿಗೆ ಪ್ರಾಣ. ಅದಕ್ಕಾಗಿ ತಣ್ಣೀರು ಬಿಟ್ಟಿದ್ದ, ಬಿರುಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತುತ್ತಿದ್ದ. ಮನೆಯಲ್ಲಿ ಮಾತಾಡಿದರೆ ದನಿ ಸುಮ್ಮನೆ ಖರ್ಚಾಗುತ್ತದೆಂದು ಉಪ್ಪು ಬೇಕಾದರೆ ಒಂದು ಬೆರಳು, ನೀರು ಬೇಕಾದರೆ ಎರಡು ಬೆರಳು ಎತ್ತುತ್ತಿದ್ದ. "ಇವರ ದನಿ ಊರಿಗೆ, ಬೆರಳು ಮಾತ್ರ ನನಗೆ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಇಂಥ ಗಂಟಲಿಗೆ ಕೆಮ್ಮು ಬಂದು ಮೂಗಿನ ಮೇಲೆ ಕುರು ಎದ್ದಂತಾಯಿತು. ನಿಲ್ದಾಣದ ಮೇಲ್ವಿಚಾರಕರಾದ ಕಂಟ್ರೋಲರ್ ಸಾಹೇಬರು ಅವನನ್ನು ಕರೆಸಿ ಬಾಗಿಲು ಹಾಕಿಕೊಂಡರು. ಅವರು ಒಳ್ಳೆಯ ಮನುಷ್ಯರು. ಕೆಟ್ಟ ಸುದ್ದಿ ಹೇಳುವಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಮೈಕಣ್ಣ, ಸೋಮವಾರ ಹೆಡ್ ಆಫೀಸಿಂದ ದೊಡ್ಡ ಸಾಹೇಬ್ರು ಬರ್ತಿದ್ದಾರೆ. ಬರಿಗೈಲಿ ಬರ್ತಿಲ್ಲ, ಒಂದು ಯಂತ್ರ ತರ್ತಿದ್ದಾರೆ."

"ಎಂಥ ಯಂತ್ರ ಸಾರ್?"

"ಮಾತಾಡೋ ಯಂತ್ರ. ಗುಂಡಿ ಒತ್ತಿದ್ರೆ ಹೆಣ್ಣು ದನೀಲಿ ಬಸ್ಸಿನ ನಂಬರ್ ಹೇಳುತ್ತೆ. ಅದು ಕೆಮ್ಮಲ್ಲ, ಸೀನಲ್ಲ, ರಜಾ ಕೇಳಲ್ಲ. ನಿನ್ನ ದನಿ ಸರಿಯಾಗಿದ್ರೆ ನಮಗೆ ಇದು ಬೇಡ ಸಾರ್ ಅಂತ ನಾನೇ ಹೇಳ್ತೀನಿ. ಆದ್ರೆ ಅವರೆದುರಿಗೆ ನೀನು ಒಂದೇ ಒಂದು ಸಲ ಕೆಮ್ಮಿದ್ಯೋ, ಲಗೇಜ್ ರೂಮಿಗೆ ಹಾಕ್ತಾರೆ. ಅಲ್ಲಿ ಪೆಟ್ಟಿಗೆ ಎತ್ತಿಡೋದಷ್ಟೇ. ಮಾತಾಡೋ ಕೆಲಸಾನೇ ಇಲ್ಲ."

ಮಾತಾಡುವ ಕೆಲಸವೇ ಇಲ್ಲ! ಮೈಕಣ್ಣ "ಕೆಮ್ಮಲ್ಲ ಸಾರ್" ಎಂದು ಹೇಳಲು ಹೋಗಿ ಕೆಮ್ಮಿದ.

ಮನೆಗೆ ಬಂದರೆ ನಡುಮನೆಯಲ್ಲಿ ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟ್ ಕೂತಿದ್ದ. ಈ ಬೀದಿಯಲ್ಲಿ ಯಾರಿಗೆ ನೆಗಡಿಯಾದರೂ ಮೊದಲು ಬಂದು ಕೂರುವವನು ಅವನೇ. ಮಗಳ ಮನೆಗೆ ಬಂದು ತಿಂಗಳಿಂದ ಇದ್ದ ಅತ್ತೆ ತರಕಾರಿ ಹೆಚ್ಚುತ್ತ ಅಳಿಯನ ಕೆಮ್ಮನ್ನು ಕಿವಿಯಿಟ್ಟು ಕೇಳಿ, ಈಳಿಗೆ ನಿಲ್ಲಿಸಿದರು.

"ಅಳಿಯಂದಿರೇ, ಇದು ಒಣಕೆಮ್ಮು. ಬೇಲಿ ಪಾಪಾಸುಕಳ್ಳಿ ಇದೆಯಲ್ಲ, ಅದರ ಹಣ್ಣು ತಂದು ಕೆಂಡದ ಮೇಲೆ ಬಾಡಿಸ್ಬೇಕು. ಮುಳ್ಳೆಲ್ಲ ಸುಟ್ಟುಹೋಗುತ್ತೆ. ಆಮೇಲೆ ಸಿಪ್ಪೆ ತೆಗೆದು, ರಸ ಹಿಂಡಿ, ಸೋಸಿ, ಒಂದು ಚಮಚ ಜೇನುತುಪ್ಪ ಹಾಕಿ ಕುಡಿದ್ರೆ ಗಂಟಲು ಬೆಣ್ಣೆ ಆಗುತ್ತೆ. ನಮ್ಮಜ್ಜಿ ನಾಯಿಕೆಮ್ಮಿಗೂ ಅದನ್ನೇ ಕೊಡ್ತಿದ್ರು. ಹೊಟ್ಟೆ ಉರಿಗೂ ಅದೇ, ಬೇಸಿಗೆ ದಾಹಕ್ಕೂ ಅದೇ."

ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಮೈಕಣ್ಣ ಆ ಕ್ಷಣವೇ ಹೂಂ ಎನ್ನುತ್ತಿದ್ದ. ಆದರೆ ಏಜೆಂಟ್ ಕೂತಿದ್ದ. ಹೊರಗಿನವರ ಎದುರಿಗೆ ಅತ್ತೆಯ ಮಾತು ಕೇಳುವ ಅಳಿಯ ಎನಿಸಿಕೊಳ್ಳುವುದೇ? ಮಫ್ಲರ್ ಸರಿಮಾಡಿಕೊಂಡು, ಇದ್ದಷ್ಟು ದನಿಯನ್ನೆಲ್ಲ ಒಟ್ಟುಗೂಡಿಸಿ, "ಬೇಲಿ ಮೇಯೋಕೆ ನಾನೇನು ಮೇಕೇನಾ ಅತ್ತೆ?" ಎಂದ.

ಏಜೆಂಟ್ ತೊಡೆ ತಟ್ಟಿಕೊಂಡು ನಕ್ಕ. ಅತ್ತೆ ನಗಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ? ಆಯ್ತಪ್ಪ. ಇನ್ಮೇಲೆ ನಿಮ್ಮ ಗಂಟಲಿನ ವಿಷಯಕ್ಕೆ ನಾನು ಬರಲ್ಲ" ಎಂದು ಮತ್ತೆ ಈಳಿಗೆಯ ಮೇಲೆ ಕೂತರು. ಆ ಸಂಜೆ ಆ ಮನೆಯಲ್ಲಿ ತರಕಾರಿ ಬಹಳ ಸಣ್ಣಗೆ ಹೆಚ್ಚಲ್ಪಟ್ಟಿತು.

ಡಾಕ್ಟರು ಕೊಟ್ಟ ಔಷಧಿಯೇನೋ ಇತ್ತು. ಆದರೆ ಅವರು "ಒಂದು ವಾರ ಬೇಕು, ಅಲ್ಲಿವರೆಗೂ ಮಾತಾಡ್ಲೇಬಾರ್ದು" ಎಂದಿದ್ದರು. ಸೋಮವಾರ ವಾರ ಕಾಯುವುದಿಲ್ಲವಲ್ಲ. ಶನಿವಾರ ಸಂಜೆಗೂ ಕೆಮ್ಮು ಕದಲದಿದ್ದಾಗ ಮೈಕಣ್ಣ ಯಾರಿಗೂ ಹೇಳದೆ ಡಿಪೋ ಹಿಂದಿನ ಗೋಡೆಯ ಕಡೆ ನಡೆದ. ಗುಜರಿಗೆ ಹಾಕಿದ ಬಸ್ಸುಗಳ ಸಾಲು ದಾಟಿದರೆ ಅಲ್ಲಿ ಆಳೆತ್ತರದ ಪಾಪಾಸುಕಳ್ಳಿ ಬೇಲಿ. ಅಂಗೈಯಗಲದ ದಪ್ಪ ಎಲೆಗಳ ಅಂಚಿಗೆ ಕೆಂಪು ಹಣ್ಣುಗಳು ಸಾಲಾಗಿ ಕೂತಿದ್ದವು.

ದೊಡ್ಡ ಮುಳ್ಳಿನ ಬಗ್ಗೆ ಅವನು ಎಚ್ಚರವಾಗಿದ್ದ. ದೊಡ್ಡ ಮುಳ್ಳು ಮರ್ಯಾದಸ್ಥ, ಎದುರಿಗೇ ಕಾಣುತ್ತದೆ. ಹಣ್ಣಿನ ಮೈಮೇಲೆ ಕೂದಲಿಗಿಂತ ಸಣ್ಣ ಮುಳ್ಳುಗಳ ಇನ್ನೊಂದು ಸಂಸಾರವೇ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕರವಸ್ತ್ರದಲ್ಲಿ ಹಿಡಿದು ಒಂದೊಂದೇ ಹಣ್ಣು ತಿರುಚಿ, ಯಾರಾದರೂ ನೋಡಿಯಾರೆಂದು ಎಲ್ಲವನ್ನೂ ಪ್ಯಾಂಟಿನ ಜೇಬುಗಳಿಗೆ ತುಂಬಿಕೊಂಡ. ಮುಂದಿನ ಜೇಬು ಸಾಲದೆ ಹಿಂದಿನ ಜೇಬಿಗೂ ತುಂಬಿದ. ಆಮೇಲೆ ಗುಜರಿ ಬಸ್ಸೊಂದನ್ನು ಹತ್ತಿ ಸೀಟಿನ ಮೇಲೆ ಕೂತ. ಕೂತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಎದ್ದ.

ಮುಂದಿನ ಕೆಲಸವೆಲ್ಲ ನಿಂತೇ ನಡೆಯಿತು. ಕೆಂಡ ಎಲ್ಲಿಂದ ತರುವುದು? ಬಾಡಿಸುವುದನ್ನು ಬಿಟ್ಟ. ಸೋಸುವುದನ್ನು ಬಿಟ್ಟ. ಚಾಕುವಿನಿಂದ ಸೀಳಿ, ಸಿಪ್ಪೆಯನ್ನು ಮತ್ತೆ ಜೇಬಿಗೇ ತುರುಕಿ, ತಿರುಳನ್ನು ಬೀಜದ ಸಮೇತ ಬಾಯಿಗೆ ಹಾಕಿಕೊಂಡ. ಹಣ್ಣು ಸಿಹಿಯಾಗಿತ್ತು, ತಣ್ಣಗಿತ್ತು. ಗಂಟಲಿಗೆ ಯಾರೋ ಒದ್ದೆ ಬಟ್ಟೆ ಹಾಕಿದಂತಾಯಿತು. ಒಂದು ಹಣ್ಣಿಗೆ ಇಷ್ಟು ಹಿತವಾದರೆ ಜೇಬಿನಲ್ಲಿರುವುದಕ್ಕೆಲ್ಲ ಎಷ್ಟಾಗಬೇಡ ಎಂದು ಲೆಕ್ಕ ಹಾಕಿ ಉಳಿದವನ್ನೂ ತಿಂದ. ಮರುದಿನಕ್ಕೆಂದು ಮತ್ತಷ್ಟು ಕಿತ್ತು ಒಂದು ಬಾಟಲಿಗೆ ಹಿಂಡಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಜಗತ್ತಿಗೆ ಏನೂ ತಿಳಿಯಲಿಲ್ಲವೆಂಬ ಧೈರ್ಯದಲ್ಲಿ ಕಾಲು ಅಗಲಿಸಿಕೊಂಡು ಮನೆಗೆ ನಡೆದ.

ಭಾನುವಾರ ಮೈಕಣ್ಣ ನಿಂತುಕೊಂಡೇ ಕೆಲಸ ಮಾಡಿದ. ಕಾರಣ ಕೇಳಿದವರಿಗೆ "ನಿಂತರೆ ದನಿ ನಾಭಿಯಿಂದ ಬರುತ್ತೆ" ಎಂದ. ಬಸ್ಸಿಗೊಂದು ಗುಟುಕಿನಂತೆ ಬಾಟಲಿಯ ರಸ ಇಳಿಯುತ್ತಿತ್ತು. ಕೆಮ್ಮು ಆಗಲೇ ಅರ್ಧಕ್ಕೆ ಬಂದಿತ್ತು. ಒಂದು ಗುಟುಕು ಇನ್ನೂ ಬಾಯಲ್ಲಿರುವಾಗಲೇ ಸಣ್ಣ ಕೆಮ್ಮೊಂದು ಬಂತು. ಬಿಳಿ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದ. ಅದೇ ಹೊತ್ತಿಗೆ ಕ್ಯಾಂಟೀನಿನವನು ಚಹಾ ಹಿಡಿದು ಒಳಗೆ ಬಂದ.

ಕರವಸ್ತ್ರ ಕೆಂಪಗಿತ್ತು. ಚಹಾದ ಲೋಟ ಕೆಳಗೆ ಬಿತ್ತು.

"ಅಯ್ಯೋ ಮೈಕಣ್ಣಾ! ಇದೇನಿದು!"

ಈಗ ಮೈಕಣ್ಣ "ಕಳ್ಳಿ ಹಣ್ಣು ಕಣೋ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ನೀವೂ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಕ್ಯಾಂಟೀನಿನವನಿಗೆ ಹೇಳಿದರೆ ಏಜೆಂಟಿಗೆ ಹೇಳಿದಂತೆ, ಏಜೆಂಟಿಗೆ ಹೇಳಿದರೆ ಅತ್ತೆಗೆ ಹೇಳಿದಂತೆ. ಮೇಕೆಯ ಮಾತು ಅವನ ಬಾಯಿ ಕಟ್ಟಿತು. ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡು, "ಏನಿಲ್ಲ ಹೋಗು. ಯಾರಿಗೂ ಹೇಳ್ಬೇಡ" ಎಂದ.

ಸುದ್ದಿಯೊಂದನ್ನು ಊರೆಲ್ಲ ಹಬ್ಬಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರುಗಳು ಕಿಟಕಿಯಲ್ಲಿ ಒಬ್ಬೊಬ್ಬರಾಗಿ ಬಂದು, ಅವನನ್ನು ನೋಡಿ, ಮಾತಾಡದೆ ಹೋಗತೊಡಗಿದರು. ಯಾವಾಗಲೂ ಜಗಳವಾಡುತ್ತಿದ್ದ ಹನ್ನೆರಡನೇ ನಂಬರಿನ ಡ್ರೈವರು ಒಂದು ಎಳನೀರು ತಂದಿಟ್ಟು ಕಣ್ಣೊರೆಸಿಕೊಂಡ. ಕಂಟ್ರೋಲರ್ ಸಾಹೇಬರಂತೂ ಬಾಗಿಲು ಹಾಕಿಕೊಳ್ಳದೆಯೇ "ನೀನು ಬೇಗ ಮನೆಗೆ ಹೋಗಪ್ಪ" ಎಂದರು. ಮೈಕಣ್ಣನಿಗೆ ಒಳಗೊಳಗೇ ನಗು. ಎಳನೀರು ಕುಡಿದ.

ಸಂಜೆ ಏಜೆಂಟ್ ಅವನನ್ನು ಮೆಟ್ಟಿಲ ಬಳಿಯೇ ತಡೆದ. ಅವನ ಮುಖ ಇಂಗು ತಿಂದ ಮಂಗನ ಹಾಗಿತ್ತು.

"ನಾನು ಆವತ್ತೇ ಬಡ್ಕೊಂಡೆ, ಒಂದು ಪಾಲಿಸಿ ಮಾಡ್ಸಿ, ಮಾಡ್ಸಿ ಅಂತ. ಈಗ ಕಂಪನಿ ಒಪ್ಪುತ್ತಾ? ಹೋಗ್ಲಿ, ನನಗೊಂದು ನಿಜ ಹೇಳಿ. ಕೆಂಪು ಮೇಲೆ ಮಾತ್ರ ಕಾಣ್ತಾ ಇದೆಯೋ, ಕೆಳಗೂ ಕಾಣ್ತಾ ಇದೆಯೋ?"

"ಕೆಳಗೆ ಅಂದ್ರೆ?"

ಏಜೆಂಟ್ ಸುತ್ತ ನೋಡಿ, ದನಿ ತಗ್ಗಿಸಿ, ಎಲ್ಲಿ ಎಂದು ಹೇಳಿದ. "ಮೇಲೆ ಕಂಡ್ರೆ ಇನ್ನೂ ಆಸೆ ಇದೆ. ನನ್ನ ಗಿರಾಕಿ ಒಬ್ಬರಿಗೆ ಕೆಳಗೂ ಕಂಡಿತು ನೋಡಿ, ವಾರದೊಳಗೆ ಫೈಲು ಮುಚ್ಚಿದ್ವಿ."

"ನಿಮ್ಮ ಫೈಲು ನಿಮ್ಮ ಹತ್ರಾನೇ ಇರ್ಲಿ" ಎಂದು ಮೈಕಣ್ಣ ಒಳಗೆ ಹೋಗಿ, ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಕುಡಿದು ಮಲಗಿದ.

ಸೋಮವಾರ ಬೆಳಿಗ್ಗೆ ಬಚ್ಚಲುಮನೆಗೆ ಹೋದವನು ಅಲ್ಲೇ ಕಲ್ಲಾಗಿ ನಿಂತ. ಕೆಂಪು! ಏಜೆಂಟ್ ಹೇಳಿದ ಜಾಗದಿಂದಲೇ!

ಕೆಂಪು ಹಣ್ಣನ್ನು ಜೇಬುಗಟ್ಟಲೆ ತಿಂದವನಿಗೆ ಕೆಂಪು ಯಾಕೆ ಬಂತೆಂದು ಯೋಚಿಸುವುದು ಕಷ್ಟವಲ್ಲ. ಆದರೆ ಹೆದರಿದವನ ತಲೆಯಲ್ಲಿ ಬುದ್ಧಿಗೆ ಸೀಟು ಸಿಗುವುದಿಲ್ಲ. ಹಣ್ಣು ತಿಂದದ್ದು ಗಂಟಲಿಗೆ, ಅದು ಇಲ್ಲಿಗೇಕೆ ಬರುತ್ತದೆ ಎಂಬುದು ಮೈಕಣ್ಣನ ವಾದ. ಇನ್ನೊಂದು ಭಯಂಕರ ಸಂಗತಿಯೂ ಆಗಲೇ ಗಮನಕ್ಕೆ ಬಂತು: ಎದ್ದಾಗಿನಿಂದ ಒಂದು ಸಲವೂ ಕೆಮ್ಮಿರಲಿಲ್ಲ. ದೀಪ ಆರುವ ಮೊದಲು ಜೋರಾಗಿ ಉರಿಯುತ್ತದಂತೆ. ಗಂಟಲು ಇಷ್ಟು ಸ್ವಚ್ಛವಾಗಿದೆಯೆಂದರೆ ಇನ್ನು ಹೆಚ್ಚು ಹೊತ್ತಿಲ್ಲ ಎಂದು ಅವನು ಬಚ್ಚಲ ಗೋಡೆಗೆ ಒರಗಿಕೊಂಡ.

ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಅತ್ತೆಗೆ ಹೇಳುವ ಮುಖವಿರಲಿಲ್ಲ. ತಿಂಡಿ ತಿನ್ನುವಾಗ ಉಪ್ಪಿಗೆ ಬೆರಳೆತ್ತದೆ ಬಾಯಿಬಿಟ್ಟು "ಸ್ವಲ್ಪ ಉಪ್ಪು ಕೊಡ್ತೀಯಾ ಚಿನ್ನ?" ಎಂದ. ಹೆಂಡತಿಯ ಕೈಯಿಂದ ಉಪ್ಪಿನ ಡಬ್ಬಿ ಜಾರಿತು. ಅವನು ಹೋದ ಮೇಲೆ ಅವಳು ತಾಯಿಯ ಹತ್ತಿರ ಓಡಿ, "ಅಮ್ಮಾ, ಇವರಿಗೆ ಏನೋ ಆಗಿದೆ" ಎಂದಳು.

ನಿಲ್ದಾಣದಲ್ಲಿ ಬೆಳಗಿನ ಜನ ಕಿಕ್ಕಿರಿದಿದ್ದರು. ದೊಡ್ಡ ಸಾಹೇಬರ ಜೀಪು ಇನ್ನೂ ಬಂದಿರಲಿಲ್ಲ. ಮೈಕಣ್ಣ ಗಾಜಿನ ಕೋಣೆಗೆ ಹೋಗಿ, ಚಿಲಕ ಹಾಕಿ, ಮಫ್ಲರ್ ಬಿಚ್ಚಿ ಮೇಜಿನ ಮೇಲಿಟ್ಟ. ಇನ್ನು ಅದನ್ನು ಯಾರಿಗಾಗಿ ಕಟ್ಟಿಕೊಳ್ಳುವುದು? ಮೈಕಿನ ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ. ಇಷ್ಟು ವರ್ಷ ನಿಮ್ಮ ಬಸ್ಸುಗಳು ಹೊರಡೋದನ್ನ ನಾನು ಹೇಳಿದೆ. ಈಗ ನಾನೇ ಹೊರಡೋ ಹೊತ್ತಾಗಿದೆ. ನನ್ನ ಬಸ್ಸಿಗೆ ನಂಬರಿಲ್ಲ. ವಾಪಸ್ ಟ್ರಿಪ್ಪೂ ಇಲ್ಲ."

ಒಂದು ಬಸ್ಸಿನ ಇಂಜಿನ್ ನಿಂತಿತು, ಅದನ್ನು ನೋಡಿ ಇನ್ನೊಂದು.

"ಹನ್ನೆರಡನೇ ನಂಬರಿನ ಡ್ರೈವರಣ್ಣ, ನಿಮ್ಮನ್ನ ಎಷ್ಟೋ ಸಲ ಮೈಕಿನಲ್ಲೇ ಬೈದಿದ್ದೀನಿ. ಮನಸ್ಸಿಗೆ ಹಚ್ಕೋಬೇಡಿ. ಆದ್ರೆ ಬ್ರೇಕ್ ಮಾತ್ರ ಸ್ವಲ್ಪ ಮೆಲ್ಲಗೆ ಹಾಕಿ, ವಯಸ್ಸಾದವರು ಇರ್ತಾರೆ. ನಾನು ತಪ್ಪು ಪ್ಲಾಟ್‌ಫಾರಂ ಹೇಳಿದ್ದಕ್ಕೆ ಬೇರೆ ಊರಿಗೆ ಹೋಗಿ ಇಳಿದವರೆಲ್ಲ ನನ್ನ ಕ್ಷಮಿಸ್ಬೇಕು. ಅಲ್ಲಿ ಮದುವೆಯಾಗಿ ನೆಲೆಸಿದವರು ಒಬ್ಬರಿದ್ದಾರೆ, ಅವರೂ ಕ್ಷಮಿಸ್ಬೇಕು. ನನ್ನ ಹೆಂಡತಿಗೆ ಒಂದು ಮಾತು. ನಿನಗೆ ಬೆರಳು ತೋರಿಸಿದೆನೇ ಹೊರತು ಒಂದು ಒಳ್ಳೇ ಮಾತಾಡ್ಲಿಲ್ಲ. ಈಗ ಊರೆಲ್ಲ ಕೇಳೋ ಹಾಗೆ ಹೇಳ್ತೀನಿ, ನಿನ್ನಂಥವಳು ನನಗೆ ಸಿಕ್ಕಿದ್ದೇ ದೊಡ್ಡದು..."

ಹೀಗೆ ಅವನು ಹೇಳುತ್ತಲೇ ಹೋದ. ಕಂಡಕ್ಟರುಗಳು ಟೋಪಿ ತೆಗೆದರು. ಹನ್ನೆರಡನೇ ನಂಬರಿನ ಡ್ರೈವರು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತದ್ದಕ್ಕೆ ಹಾರನ್ ಒತ್ತಿಕೊಂಡು ಅದೂ ಒಂದೇ ಸಮನೆ ಗೋಳಾಡಿತು. ಕ್ಯಾಂಟೀನಿನವನು ಎಲ್ಲರಿಗೂ ಬಿಟ್ಟಿ ಚಹಾ ಹಂಚಿದ. ಅವನ ಜನ್ಮದಲ್ಲಿ ಅದು ಮೊದಲು. ಕಂಟ್ರೋಲರ್ ಸಾಹೇಬರು ಕೋಣೆಯ ಬಾಗಿಲು ಬಡಿಯುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಎರಡಕ್ಕೂ ಒಂದೇ ಕೈ ಸಾಲದೆ ಒದ್ದಾಡಿದರು. ದೊಡ್ಡ ಸಾಹೇಬರ ಜೀಪು ಬಂದು, ನಿಂತ ಬಸ್ಸುಗಳ ಹಿಂದೆ ಸಿಕ್ಕಿಹಾಕಿಕೊಂಡಿತು. ಧೂಳಿಗೆ ಕೆಮ್ಮುತ್ತ ಕೆಮ್ಮುತ್ತ ಅವರು ನಡೆದೇ ಒಳಗೆ ಬಂದರು.

ಅಷ್ಟರಲ್ಲಿ ಜನರ ಗುಂಪನ್ನು ಸೀಳಿಕೊಂಡು ಇನ್ನೊಬ್ಬರು ಬಂದರು. ಮೈಕಣ್ಣನ ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಧ್ವನಿವರ್ಧಕದ ಮಾತು ಅಡುಗೆಮನೆಗೂ ಕೇಳುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಅಳಿಯನ ಪ್ಯಾಂಟು ಹಿಡಿದುಕೊಂಡೇ ಬಂದಿದ್ದರು. ಹಿಂದೆ ಹೆಂಡತಿ ಅಳುತ್ತ ಓಡಿ ಬಂದಳು. ಅತ್ತೆ ಸೌಟಿನಿಂದ ಗಾಜು ಕುಟ್ಟಿದ ರಭಸಕ್ಕೆ ಮೈಕಣ್ಣ ತಾನಾಗಿಯೇ ಚಿಲಕ ತೆಗೆದ. ಮೈಕು ಆರಿಸುವುದು ಯಾರಿಗೂ ನೆನಪಾಗಲಿಲ್ಲ.

"ಅಳಿಯಂದಿರೇ, ಎಲ್ಲಿಗೆ ಹೊರಟಿದ್ದೀರಿ?" ಎಂದು ಅತ್ತೆಯ ದನಿ ಕಂಬ ಕಂಬದಿಂದಲೂ ಮೊಳಗಿತು.

"ಅತ್ತೆ... ಕೆಳಗೂ ಕೆಂಪು ಕಂಡಿತು."

"ಕಾಣದೆ ಏನು? ಈ ಪ್ಯಾಂಟು ಒಗೆಯೋಕೆ ಹೋಗಿ ನನ್ನ ಕೈಯೆಲ್ಲ ಮುಳ್ಳಾಯ್ತು. ಜೇಬಿನ ತುಂಬ ಕಳ್ಳಿ ಹಣ್ಣಿನ ಸಿಪ್ಪೆ! ಎಷ್ಟು ತಿಂದ್ರಿ?"

ಮೈಕಣ್ಣ ತಲೆ ತಗ್ಗಿಸಿದ. "ಜೇಬು ಲೆಕ್ಕದಲ್ಲಿ..."

"ಕೆಂಪು ಹಣ್ಣು ತಿಂದೋರಿಗೆ ಕೆಂಪು ಬರದೆ ಹಸಿರು ಬರುತ್ತಾ? ಮೇಕೆಗಾದ್ರೂ ಹೊಟ್ಟೆ ತುಂಬಿದ್ದು ಗೊತ್ತಾಗುತ್ತೆ! ದಿನಕ್ಕೆ ಒಂದು ಹಣ್ಣಿನ ರಸ ಅಂತ ಹೇಳೋಷ್ಟರಲ್ಲಿ ನೀವು ನನ್ನ ಬಾಯಿ ಮುಚ್ಚಿಸಿದ್ರಿ. ಬೀಜ ನುಂಗಿದ್ದೀರಲ್ಲ, ನೋಡ್ತಾ ಇರಿ, ಇನ್ನೆರಡು ದಿನ ನಿಮ್ಮ ಆ ಇನ್ನೊಂದು ಬಸ್ಸೂ ಹೊರಡಲ್ಲ!"

ನಿಲ್ದಾಣವಿಡೀ ನಕ್ಕಿತು. ಬಸ್ಸಿನ ಮೇಲಿದ್ದವರು ಕೆಳಗಿದ್ದವರಿಗೆ ಹೇಳಿ ನಕ್ಕರು, ಕೇಳದವರು ನಕ್ಕವರನ್ನು ನೋಡಿ ನಕ್ಕರು. ಕಂಟ್ರೋಲರ್ ಸಾಹೇಬರು ಮಾತ್ರ ಥಟ್ಟನೆ ದೊಡ್ಡ ಸಾಹೇಬರ ಕಡೆ ತಿರುಗಿದರು.

"ಸಾರ್, ಗಮನಿಸಿದ್ರಾ? ಇಷ್ಟು ಹೊತ್ತು ಮಾತಾಡಿದ್ದಾನೆ, ಒಂದು ಸಲಾನೂ ಕೆಮ್ಮಲಿಲ್ಲ!"

"ಗಮನಿಸಿದೆ" ಎಂದರು ದೊಡ್ಡ ಸಾಹೇಬರು, ಕೆಮ್ಮುತ್ತ. "ಒಂದು ಬಸ್ಸೂ ಹೊರಡಲಿಲ್ಲ ಅನ್ನೋದನ್ನೂ ಗಮನಿಸಿದೆ. ಇವರು ಇನ್ಮೇಲೆ ಮೈಕು ಮುಟ್ಟೋದು ಬೇಡ. ನಾಳೆಯಿಂದ ಯಂತ್ರ."

ನಗು ನಿಂತುಹೋಯಿತು. ಮೈಕಣ್ಣ ಮಫ್ಲರ್ ಎತ್ತಿಕೊಂಡು ಹೊರಗೆ ಬಂದ. ಸಾಯುವುದಿಲ್ಲ ಎಂದು ತಿಳಿದ ಸಂತೋಷ ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ. ಲಗೇಜ್ ರೂಮಿನ ಬಾಗಿಲು ಅವನಿಗಾಗಿಯೇ ತೆರೆದಿಟ್ಟಂತೆ ಕಂಡಿತು.

ಆದರೆ ಊರಿಗೆ ಬೇರೊಂದು ವಿಷಯ ತಲೆಗೆ ಹೊಕ್ಕಿತ್ತು. ಟೈರು ಸಿಡಿದ ಹಾಗೆ ಕೆಮ್ಮುತ್ತಿದ್ದವನು ಎರಡೇ ದಿನದಲ್ಲಿ ಗಂಟೆಯ ಹಾಗೆ ಮಾತಾಡಿದ್ದನ್ನು ಎಲ್ಲರೂ ಕಿವಿಯಾರೆ ಕೇಳಿದ್ದರು. ಅಂದು ಸಂಜೆ ಡಿಪೋ ಹಿಂದಿನ ಬೇಲಿಯ ಬಳಿ ಜಾತ್ರೆಯಷ್ಟು ಜನ. ಕೆಮ್ಮು ಇದ್ದವರು ಕೆಮ್ಮಿಗೆ, ಇಲ್ಲದವರು ಮುಂದೆ ಬಂದರೆ ಇರಲಿ ಎಂದು ಕಿತ್ತರು. ಹೊಟ್ಟೆ ಉರಿಗೆ ಒಬ್ಬ, ಮಂಡಿನೋವಿಗೆ ಇನ್ನೊಬ್ಬ, ಕೂದಲು ಉದುರುವುದಕ್ಕೆ ಏಜೆಂಟ್. ಅತ್ತೆಯನ್ನು ಕೇಳೋಣವೆಂದು ಮಾತ್ರ ಯಾರಿಗೂ ಅನಿಸಲಿಲ್ಲ. ಕತ್ತಲಾಗುವ ಹೊತ್ತಿಗೆ ದೊಡ್ಡ ಸಾಹೇಬರ ಡ್ರೈವರು ಬಂದು ಒಂದು ಬುಟ್ಟಿ ತುಂಬಿಸಿಕೊಂಡು ಹೋದ. ಯಾರಿಗೆ ಎಂದು ಕೇಳಿದರೆ "ಜೀಪಿಗೆ" ಎಂದ.

ಮಂಗಳವಾರ ಬೆಳಿಗ್ಗೆ ಊರಿನ ಬಚ್ಚಲುಮನೆಗಳಲ್ಲಿ ಏನು ನಡೆಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ನಿಲ್ದಾಣದಲ್ಲಿ ನಕ್ಕಿದ್ದವರೇ ಹೆಚ್ಚು ಹೆದರಿದರು. ಪರರ ಬಚ್ಚಲಿನ ಕೆಂಪು ನಗೆಯ ವಿಷಯ. ತನ್ನ ಬಚ್ಚಲಿನದು ಹಾಗಲ್ಲ. ಮೈಕಣ್ಣನದು ಹಣ್ಣಿನ ಕೆಂಪೇ ಇರಬಹುದು, ನಮ್ಮದು ಬೇರೆಯದೇ ಆದರೆ? ಸೂರ್ಯ ಮೇಲೇರುವ ಮುಂಚೆ ಡಾಕ್ಟರ ಮನೆಯ ಮುಂದೆ ಸಾಲು ನಿಂತಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಾಲು ಬೆಳೆದು ಬೆಳೆದು ಬಸ್ ನಿಲ್ದಾಣದ ಒಳಗೇ ಬಂತು. ಡ್ರೈವರುಗಳೂ ಅದರಲ್ಲೇ ಇದ್ದುದರಿಂದ ಬಸ್ಸು ಬಿಡುವವರಿಲ್ಲ.

ಡಾಕ್ಟರಿಗೆ ಮೊದಲನೆಯವನನ್ನು ನೋಡುತ್ತಲೇ ವಿಷಯ ತಿಳಿಯಿತು. "ಹಣ್ಣಿನ ಬಣ್ಣ ಅಷ್ಟೇ, ಹೋಗ್ರೀ" ಎಂದರು. ಎರಡನೆಯವನಿಗೂ ಅದನ್ನೇ ಹೇಳಿದರು. ಸಾಲಿನ ಬಾಲ ಕಣ್ಣಿಗೆ ಬೀಳದಿದ್ದಾಗ ಎದ್ದು ಬಂದು ನಿಲ್ದಾಣಕ್ಕೆ ಫೋನ್ ಮಾಡಿದರು. "ಒಬ್ಬೊಬ್ಬರಿಗೂ ಹೇಳ್ತಾ ಕೂತ್ರೆ ನನಗೇ ಕೆಮ್ಮು ಬರುತ್ತೆ. ಮೈಕಲ್ಲಿ ಒಂದು ಸಲ ಹೇಳ್ಸಿ!"

ದೊಡ್ಡ ಸಾಹೇಬರು ಯಂತ್ರದ ಮುಂದೆ ನಿಂತು ಗುಂಡಿ ಒತ್ತಿದರು. "ಪ್ರಯಾಣಿಕರ ಗಮನಕ್ಕೆ. ಏಳನೇ ನಂಬರಿನ ಬಸ್ಸು ಹೊರಡಲು ಸಿದ್ಧವಾಗಿದೆ" ಎಂದಿತು ಯಂತ್ರ, ಜೇನಿನಂಥ ದನಿಯಲ್ಲಿ. ಇನ್ನೊಂದು ಗುಂಡಿ ಒತ್ತಿದರು. ಎಂಟನೇ ನಂಬರಿನ ಬಸ್ಸೂ ಸಿದ್ಧವಾಯಿತು. ಎಷ್ಟು ಗುಂಡಿ ಒತ್ತಿದರೂ ಬಸ್ಸುಗಳು ಸಿದ್ಧವಾದವೇ ಹೊರತು ಜನರ ಹೆದರಿಕೆ ತಗ್ಗಲಿಲ್ಲ. ಕೊನೆಗೆ ಕಂಟ್ರೋಲರ್ ಸಾಹೇಬರೇ ಮೈಕು ಹಿಡಿದರು. ಅವರಿಗೆ ಸಭಾಕಂಪ. "ಯಾರೂ... ಯಾರೂ ಹೆದರಬೇಡಿ! ಅದು ಬಂದವರೆಲ್ಲ... ಶಾಂತವಾಗಿ ಮನೆಗೆ ಹೋಗಿ... ಮನೆಯವರ ಜೊತೆ ಇರಿ!" ಎಂದರು. ಅದನ್ನು ಕೇಳಿ ಸಾಲಿನಲ್ಲಿದ್ದ ಅರ್ಧ ಜನ ಅಲ್ಲೇ ಕುಸಿದು ಕೂತರು, ಉಳಿದರ್ಧ ಗೋಳೋ ಎಂದರು.

ದೊಡ್ಡ ಸಾಹೇಬರು ತಾವೇ ಜೀಪು ಹತ್ತಿ ಮೈಕಣ್ಣನ ಮನೆಗೆ ಬಂದರು. ಮೈಕಣ್ಣ ಗೋಡೆ ನೋಡುತ್ತ ನಿಂತಿದ್ದ. ಕೂರುವ ಸ್ಥಿತಿಗೆ ಇನ್ನೂ ಬಂದಿರಲಿಲ್ಲ.

"ನೋಡಿ, ಒಂದು ಪ್ರಕಟಣೆ ಮಾಡ್ಬೇಕಿತ್ತು" ಎಂದರು ಸಾಹೇಬರು. ಆಮೇಲೆ ಅತ್ತೆಯ ಕಡೆ ವಾಲಿ, ಮೆಲ್ಲಗೆ, "ಅಮ್ಮಾ, ಅದು... ನಿಜವಾಗ್ಲೂ ಬಣ್ಣಾನೇ ತಾನೆ? ನನಗಲ್ಲ. ನಮ್ಮ ಡ್ರೈವರ್‌ಗೆ."

"ನಿಮ್ಮ ಡ್ರೈವರ್‌ಗೆ ಹೇಳಿ, ನಾಳೆಗೆ ಸರಿಹೋಗುತ್ತೆ. ಬೀಜ ನುಂಗಿದ್ದಾರಾ?"

"ನುಂಗಿದೆ... ನುಂಗಿದ್ದಾನೆ."

"ಬಿಸಿನೀರು ಕುಡೀಲಿ. ಚೆನ್ನಾಗಿ ಕುಡೀಲಿ" ಎಂದರು ಅತ್ತೆ, ಸಾಹೇಬರನ್ನೇ ಕನಿಕರದಿಂದ ನೋಡುತ್ತ.

ಮೈಕಣ್ಣ ಮಫ್ಲರ್ ಸುತ್ತಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ನೀವೂ ಬರ್ಬೇಕು ಅತ್ತೆ. ಯಾರು ಹೇಳಿದ ಮದ್ದು ಅಂತ ನಾನು ಊರಿಗೆಲ್ಲ ಹೇಳ್ಬೇಕು. ಇಲ್ದಿದ್ರೆ ನಾನು ಮೈಕು ಮುಟ್ಟಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು, ಏನೂ ಆಗದವರಂತೆ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಸಾಹೇಬರು ಹಿಂದೆ ಕೂತರು.

ಧ್ವನಿವರ್ಧಕಗಳು ಗರಗರ ಎಂದವು. ಅಳುತ್ತ ಕೂತವರು ತಲೆಯೆತ್ತಿದರು.

"ಪ್ರಯಾಣಿಕರ ಗಮನಕ್ಕೆ" ಎಂದ ಮೈಕಣ್ಣ. ಆ ಎರಡು ಪದಗಳಿಗೇ ನಿಲ್ದಾಣದ ಅರ್ಧ ಜೀವ ಮರಳಿ ಬಂತು. "ನಿನ್ನೆ ಪಾಪಾಸುಕಳ್ಳಿ ಹಣ್ಣು ತಿಂದು, ಇವತ್ತು ಬೆಳಿಗ್ಗೆ ಕೆಂಪು ಕಂಡವರು ಗಾಬರಿಯಾಗೋದು ಬೇಡ. ಅದು ಹಣ್ಣಿನ ಬಣ್ಣ, ತಾನಾಗೇ ಹೋಗುತ್ತೆ ಅಂತ ಡಾಕ್ಟರೇ ಹೇಳಿದ್ದಾರೆ. ನನಗೂ ಹೀಗೇ ಆಗಿತ್ತು, ನಾನು ಇಲ್ಲೇ ಇದ್ದೀನಿ. ಈ ಮದ್ದು ಹೇಳಿದವರು ನಮ್ಮ ಅತ್ತೆಯವರು. ಅವರ ಮಾತು ಅರ್ಧ ಕೇಳಿದ್ದಕ್ಕೆ ನನಗೂ ಅರ್ಧ ಗುಣ, ಅರ್ಧ ಫಜೀತಿ ಆಯ್ತು. ಪೂರ್ತಿ ಮಾತನ್ನ ಈಗ ಅವರೇ ಹೇಳ್ತಾರೆ."

ಅತ್ತೆ ಮೈಕಿನ ಹತ್ತಿರ ಬಂದು ಗದರಿದರು. "ದಿನಕ್ಕೆ ಒಂದೇ ಹಣ್ಣು! ಬಾಡಿಸಿ, ಸೋಸಿ! ಬೀಜ ಬೇಡ! ಕೂದಲು ಉದುರೋದಕ್ಕೂ ಇದಕ್ಕೂ ಯಾವ ಸಂಬಂಧಾನೂ ಇಲ್ಲ! ಕೆಮ್ಮು ವಾರದಲ್ಲಿ ಹೋಗ್ಲಿಲ್ಲ ಅಂದ್ರೆ ಡಾಕ್ಟರ ಹತ್ರ ಹೋಗಿ!"

ಸಾಲಿನಿಂದ ಎದ್ದ ನಿಟ್ಟುಸಿರು ಪ್ಲಾಟ್‌ಫಾರಮ್ಮಿನ ಕಸವನ್ನೆಲ್ಲ ಗುಡಿಸಿಕೊಂಡು ಹೋಯಿತೆಂದು ಈಗಲೂ ಹೇಳುವವರಿದ್ದಾರೆ. ಡ್ರೈವರುಗಳು ಓಡಿ ಬಸ್ಸು ಹತ್ತಿದರು. ಹನ್ನೆರಡನೇ ನಂಬರಿನವನು ಮೈಕಣ್ಣನತ್ತ ಕೈಬೀಸಿ, ಬ್ರೇಕನ್ನು ಮೆಲ್ಲಗೆ ಹಾಕಿ ತೋರಿಸಿದ. ಏಜೆಂಟ್ ತಲೆ ಸವರಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ. ಹೆಂಡತಿ ಗಾಜಿನ ಆಚೆ ನಿಂತು ಬೆರಳೊಂದನ್ನು ಎತ್ತಿ ತೋರಿಸಿದಳು. ಮೈಕಣ್ಣ ಮೈಕಿಗೆ ಕೈ ಅಡ್ಡ ಹಿಡಿದು, ಬಾಯಿಬಿಟ್ಟೇ, "ಬೇಗ ಬರ್ತೀನಿ ಚಿನ್ನ" ಎಂದ. ಕೈ ಸರಿಯಾಗಿ ಅಡ್ಡ ಬಂದಿರಲಿಲ್ಲ, ಊರಿಗೆಲ್ಲ ಕೇಳಿತು.

ದೊಡ್ಡ ಸಾಹೇಬರು ಯಂತ್ರದ ಕಡೆಗೊಮ್ಮೆ, ಹೊರಡುತ್ತಿದ್ದ ಬಸ್ಸುಗಳ ಕಡೆಗೊಮ್ಮೆ ನೋಡಿದರು. ಯಂತ್ರವನ್ನು ಕಟ್ಟಿಸಿ, ಏಳನೇ ನಂಬರಿನ ಬಸ್ಸಿನ ಮೇಲೆ ಹಾಕಿಸಿದರು. ಕಂಟ್ರೋಲರ್ ಸಾಹೇಬರು ತಾವೇ ಮೇಲೆ ಹತ್ತಿ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿದರು.

ಮೈಕಣ್ಣ ಗಂಟಲು ಸರಿಮಾಡಿಕೊಂಡ. ಸರಿಮಾಡಿಕೊಳ್ಳುವಂಥದ್ದು ಅಲ್ಲೇನೂ ಇರಲಿಲ್ಲ.

"ಪ್ರಯಾಣಿಕರ ಗಮನಕ್ಕೆ! ಏಳನೇ ನಂಬರಿನ ಬಸ್ಸು, ಮೇಲಿರುವ ಯಂತ್ರದ ಸಮೇತ, ಇನ್ನೇನು ಹೊರಡಲಿದೆ... ಹೊರಡಲಿದೆ... ಹೊರಟಿತು!"